ಒಂದು ಶರಾರಾಕ್ಕೆ ಎಷ್ಟು ಸೀರೆ ಕುಚ್ಚು?

ರಂಜಾನ್ ತಿಂಗಳಿಗೆ ಇನ್ನು ಕೆಲವೇ ವಾರಗಳಿವೆ. ನಮ್ಮ ದಾವಣಗೆರೆಯಲ್ಲಿ ಆಗ ಇಫ್ತಾರ್ ಮುಗಿದ ಮೇಲೆ ಬಟ್ಟೆ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಹೊಸ ಬಟ್ಟೆಯ ಆಸೆ ಯಾರಿಗಿಲ್ಲ? ನನಗೂ ಇದೆ. ಆಸೆಯೇ ತಪ್ಪು ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಹಿಡಿತದಲ್ಲಿ ಬದುಕುವ ಮನೆಯವರು ಆ ಆಸೆಗೆ ಲೆಕ್ಕ ಹಾಕುವುದು ಹೇಗೆ ಎಂಬುದನ್ನು, ವಾಣಿಜ್ಯ ವಿಭಾಗದಲ್ಲಿ ನಾವು ಓದುವ ಪಾಠಗಳನ್ನೇ ಬಳಸಿ ವಿವರಿಸಲು ಪ್ರಯತ್ನಿಸಿದ್ದೇನೆ.

ಕಳೆದ ಈದ್‌ಗೆ ನಾನು ಹಠ ಮಾಡಿ ₹2,400ರ ಒಂದು ಶರಾರಾ ಕೊಡಿಸಿಕೊಂಡೆ. ಅಬ್ಬಾ ಲಗೇಜ್ ಆಟೊ ಓಡಿಸುತ್ತಾರೆ. ಅಮ್ಮಿ ಮನೆಯಲ್ಲೇ ಸೀರೆಗಳಿಗೆ ಕುಚ್ಚು ಹಾಕುತ್ತಾರೆ. ಸಾದಾ ಕುಚ್ಚಿಗೆ ಒಂದು ಸೀರೆಗೆ ₹150 ಸಿಗುತ್ತದೆ. ದಾರದ ಖರ್ಚು ₹30 ಕಳೆದರೆ ಕೈಗೆ ಉಳಿಯುವುದು ₹120. ಅಂದರೆ ನನ್ನ ಶರಾರಾದ ಬೆಲೆ 20 ಸೀರೆಗಳ ಕುಚ್ಚು. ಒಂದು ಸೀರೆಗೆ ಎರಡು ಗಂಟೆ ಎಂದರೂ 40 ಗಂಟೆಗಳ ಕೆಲಸ. ಅಂಗಡಿಯಲ್ಲಿ ಚೀಟಿ ತಿರುಗಿಸಿ ನೋಡಿದಾಗ ನನಗೆ ಕಂಡದ್ದು 2,400 ಎಂಬ ಅಂಕಿ ಮಾತ್ರ. 40 ಗಂಟೆ ಎಂದು ಅದರ ಮೇಲೆ ಬರೆದಿರಲಿಲ್ಲ.

ಬಿಟ್ಟುಕೊಟ್ಟದ್ದೇ ನಿಜವಾದ ಬೆಲೆ

ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಎಂಬ ಪಾಠವಿದೆ. ಒಂದನ್ನು ಆರಿಸಿಕೊಂಡಾಗ ಅದಕ್ಕಾಗಿ ನಾವು ಕೈಬಿಟ್ಟ ಅತ್ಯುತ್ತಮ ಪರ್ಯಾಯವೇ ಅದರ ಅವಕಾಶ ವೆಚ್ಚ. ಮೇಡಂ ತರಗತಿಯಲ್ಲಿ ಗೋಧಿ ಮತ್ತು ಹತ್ತಿಯ ಉದಾಹರಣೆ ಕೊಟ್ಟರು. ನನಗೆ ನೆನಪಾದದ್ದು ಅಮ್ಮಿಯ ಕನ್ನಡಕ. ಕಳೆದ ರಂಜಾನ್‌ನಲ್ಲಿ ಅವರು ಕಣ್ಣು ತೋರಿಸಿ ಕನ್ನಡಕ ಮಾಡಿಸಬೇಕಾಗಿತ್ತು. "ಈದ್ ಆಗಲಿ, ಆಮೇಲೆ ನೋಡೋಣ" ಎಂದರು. ಆ 'ಆಮೇಲೆ' ಬರಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಸೂಜಿಗೆ ದಾರ ಪೋಣಿಸಲು ನನ್ನನ್ನೋ ತಮ್ಮನನ್ನೋ ಕರೆಯುತ್ತಿದ್ದರು. ನಾನು ದಾರ ಪೋಣಿಸಿ ಕೊಡುತ್ತಿದ್ದೆ, ಆದರೆ ಲೆಕ್ಕ ಹೊಂದಿಸಿ ನೋಡಿರಲಿಲ್ಲ.

ಎರಡನೆಯ ಪಾಠ 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ'. ಹೆಸರು ದೊಡ್ಡದು, ವಿಷಯ ಸಣ್ಣದು. ಬಾಯಾರಿದಾಗ ಕುಡಿಯುವ ಮೊದಲ ಲೋಟ ನೀರಿನ ತೃಪ್ತಿ ನಾಲ್ಕನೆಯ ಲೋಟದಲ್ಲಿ ಇರುವುದಿಲ್ಲ. ಬಟ್ಟೆಯೂ ಹಾಗೆಯೇ. ಮೊದಲ ಹೊಸ ಜೊತೆಯ ಸಂತೋಷ ಐದನೆಯದರಲ್ಲಿ ಇಲ್ಲ. ತೃಪ್ತಿ ಇಳಿಯುತ್ತದೆ, ಬೆಲೆ ಮಾತ್ರ ಇಳಿಯುವುದಿಲ್ಲ.

ಅಗ್ಗದ ಬಟ್ಟೆಯೇ ಮಿತವ್ಯಯವಲ್ಲ

ಲೆಕ್ಕಶಾಸ್ತ್ರದಲ್ಲಿ ಯಂತ್ರದ ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಹಂಚಿ 'ಸವಕಳಿ' ಬರೆಯುತ್ತೇವೆ. ಬಟ್ಟೆಯ ಬೆಲೆಯನ್ನೂ ಅದನ್ನು ತೊಟ್ಟ ಸಲಗಳಿಗೆ ಹಂಚಿ ನೋಡಬಹುದು. ಶರಾರಾವನ್ನು ನಾನು ತೊಟ್ಟಿದ್ದು ಮೂರು ಸಲ. ಒಂದು ಸಲಕ್ಕೆ ₹800 ಆಯಿತು. ನನ್ನ ಬಳಿ ₹900ರ ಒಂದು ಹತ್ತಿ ಚೂಡಿದಾರ್ ಇದೆ. ಟ್ಯೂಷನ್‌ಗೆ ವಾರಕ್ಕೆ ಎರಡು ಸಲದಂತೆ ಸುಮಾರು 60 ಸಲ ತೊಟ್ಟಿದ್ದೇನೆ. ಒಂದು ಸಲಕ್ಕೆ ₹15. ಫುಟ್‌ಪಾತ್‌ನಲ್ಲಿ ₹250ಕ್ಕೆ ತಂದ ಕುರ್ತಿ ಎರಡನೇ ಒಗೆತಕ್ಕೇ ಬಣ್ಣ ಬಿಟ್ಟು ನೆಲ ಒರೆಸುವ ಬಟ್ಟೆಯಾಯಿತು. ಅದಕ್ಕೆ ಒಂದು ಸಲಕ್ಕೆ ₹125 ಬಿತ್ತು. ಮೂರರಲ್ಲಿ ಕಡಿಮೆ ಬೆಲೆಯದ್ದು ಕುರ್ತಿ, ಆದರೆ ಅಗ್ಗವಾದದ್ದು ಚೂಡಿದಾರ್.

ಬಟ್ಟೆ ಬಾಳುತ್ತದೋ ಇಲ್ಲವೋ ಎಂದು ನೋಡುವುದನ್ನು ದಾದಿ ಕಲಿಸಿದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ದಾದಾ ಇಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ದಾದಿ ಇಂದಿಗೂ ಬೆರಳಿನಲ್ಲಿ ಮುಟ್ಟಿಯೇ ಬಟ್ಟೆಯ ಗುಣ ಹೇಳುತ್ತಾರೆ. ಅವರ ಪ್ರಕಾರ ಬಟ್ಟೆಯನ್ನು ಬೆಳಕಿಗೆ ಹಿಡಿದು ನೇಯ್ಗೆ ಒತ್ತಾಗಿದೆಯೇ ನೋಡಬೇಕು. ಒಳಗಡೆ ತಿರುಗಿಸಿ, ಮುಂದೆ ಬಿಚ್ಚಿ ದೊಡ್ಡದು ಮಾಡಲು ಹೊಲಿಗೆಯ ಪಕ್ಕ ಬಟ್ಟೆ ಬಿಟ್ಟಿದ್ದಾರೆಯೇ ಗಮನಿಸಬೇಕು. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒಂದು ಮೂಲೆ ಉಜ್ಜಿದರೆ ಬಣ್ಣ ನಿಲ್ಲುತ್ತದೆಯೇ ತಿಳಿಯುತ್ತದೆ.

ಅಂಗಡಿಯ ಲೆಕ್ಕ, ನಮ್ಮ ಲೆಕ್ಕ

ಬಟ್ಟೆಗೆ ₹1,000 ಎನ್ನದೆ ₹999 ಎಂದು ಏಕೆ ಬರೆಯುತ್ತಾರೆ? ನಮ್ಮ ಕಣ್ಣು ಮೊದಲ ಅಂಕಿಯನ್ನು ಹಿಡಿದುಕೊಳ್ಳುತ್ತದೆ. ಒಂದು ರೂಪಾಯಿಯ ವ್ಯತ್ಯಾಸಕ್ಕೆ ಮನಸ್ಸು 'ಒಂಬೈನೂರು ಚಿಲ್ಲರೆ' ಎಂದುಕೊಳ್ಳುತ್ತದೆ. 'ಎರಡು ಕೊಂಡರೆ ಒಂದು ಉಚಿತ' ಎಂಬಲ್ಲಿ ₹999ರ ಮೂರು ಟಾಪ್ ₹1,998ಕ್ಕೆ ಬರುತ್ತವೆ. ಒಂದಕ್ಕೆ ₹666, ಲಾಭವೆಂದೇ ಅನಿಸುತ್ತದೆ. ಆದರೆ ಬೇಕಾಗಿದ್ದದ್ದು ಒಂದೇ ಆಗಿದ್ದರೆ ನಾವು ಉಳಿಸಿದ್ದು ಏನೂ ಇಲ್ಲ, ₹999 ಹೆಚ್ಚಿಗೆ ಖರ್ಚು ಮಾಡಿದ್ದೇವೆ.

ತೆರಿಗೆಯ ವಿಷಯವೂ ತಿಳಿದಿರಲಿ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಉಡುಪಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಶೇ. 18.

ಮೊಬೈಲಿನಲ್ಲಿ 'ಈಗ ತೆಗೆದುಕೊಳ್ಳಿ, ಆಮೇಲೆ ಕೊಡಿ' ಎಂಬ ಕಂತಿನ ಸೌಲಭ್ಯ ಬಂದಿದೆ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಹಾಗಾಗಿ ನಮಗಾಗಿ ಆ ಕಂತನ್ನು ಹೊರುವವರು ಅಬ್ಬಾ ಅಥವಾ ಅಣ್ಣ. ಬಟ್ಟೆ ನಮ್ಮ ಮೈಮೇಲೆ, ಸಾಲ ಅವರ ತಲೆಮೇಲೆ.

ನೋಡುವವರ ಕಣ್ಣು

ಇಷ್ಟೆಲ್ಲ ಲೆಕ್ಕ ಗೊತ್ತಿದ್ದರೂ ನಾವು ಕೊಳ್ಳುವುದೇಕೆ? ನನ್ನ ಮಟ್ಟಿಗೆ ನಿಜವಾದ ಕಾರಣ ಬಟ್ಟೆಯ ಆಸೆಗಿಂತ 'ಹೋದ ಸಲದ್ದನ್ನೇ ಹಾಕಿದ್ದಾಳೆ' ಎಂದಾರು ಎಂಬ ಭಯ. ಇದನ್ನು ಪರೀಕ್ಷಿಸಲು ಐದು ಗೆಳತಿಯರನ್ನು ಕೇಳಿದೆ: "ಕಳೆದ ಈದ್‌ಗೆ ನಾನು ಯಾವ ಬಣ್ಣದ ಬಟ್ಟೆ ಹಾಕಿದ್ದೆ?" ಒಬ್ಬಳಿಗೂ ನೆನಪಿರಲಿಲ್ಲ. ಇಬ್ಬರು ಬೇರೆ ಬಣ್ಣ ಹೇಳಿದರು. ಅವರು ಏನು ಹಾಕಿದ್ದರೆಂದು ನನಗೂ ನೆನಪಿರಲಿಲ್ಲ. 40 ಗಂಟೆಗಳ ಕುಚ್ಚು ಯಾರಿಗಾಗಿ ಖರ್ಚಾಯಿತೋ ಅವರು ನೋಡಿಯೇ ಇರಲಿಲ್ಲ!

ಈದ್ ದಿನ ನಮ್ಮಲ್ಲಿರುವುದರಲ್ಲಿ ಒಳ್ಳೆಯ ಬಟ್ಟೆ ತೊಡುವುದು ಸುನ್ನತ್. ಅದು ಹೊಸದೇ ಆಗಬೇಕೆಂದಿಲ್ಲ. ಇಸ್ರಾಫ್, ಅಂದರೆ ದುಂದುವೆಚ್ಚ ಬೇಡ ಎನ್ನುವ ನಮ್ಮ ದೀನ್ ಜಿಪುಣತನವನ್ನೂ ಒಪ್ಪುವುದಿಲ್ಲ. ನಡುವಿನ ದಾರಿ ಹುಡುಕುವ ಕೆಲಸ ನಮ್ಮದು.

ನಾನು ಪಾಲಿಸುತ್ತಿರುವ ನಾಲ್ಕು ಕ್ರಮಗಳು

1. ಮೊದಲು ದಾಸ್ತಾನು ಎಣಿಕೆ. ಪೇಟೆಗೆ ಹೋಗುವ ಮುನ್ನ ಬೀರು ತೆರೆದು ಎಣಿಸಬೇಕು. ನನ್ನ ಬಳಿ 17 ಟಾಪ್‌ಗಳಿದ್ದವು. ಆರನ್ನು ಇಡೀ ವರ್ಷ ಮುಟ್ಟಿಯೇ ಇರಲಿಲ್ಲ.

2. ಏಳು ದಿನ ಕಾಯುವುದು. ಕಂಡು ಇಷ್ಟವಾದದ್ದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು, ಬೆಲೆ ಸಹಿತ ಬರೆದಿಡುತ್ತೇನೆ. ಹೀಗೆ ಬರೆದ ಒಂಬತ್ತರಲ್ಲಿ ವಾರದ ನಂತರವೂ ಬೇಕೆನಿಸಿದ್ದು ಎರಡು ಮಾತ್ರ.

3. ವರ್ಷಕ್ಕೊಂದು ಬಟ್ಟೆ ಖಾತೆ. ಯೂನಿಫಾರ್ಮ್ ಬಿಟ್ಟು ನನಗೆ ವರ್ಷಕ್ಕೆ ₹3,000: ಈದ್‌ಗೆ ₹1,500, ಮದುವೆಗಳಿಗೆ ₹700, ದಿನಬಳಕೆಗೆ ₹800. ನಗದನ್ನು ಕವರಿನಲ್ಲಿಟ್ಟು ಪೇಟೆಗೆ ಒಯ್ಯುತ್ತೇನೆ. ಕವರು ಖಾಲಿಯಾದರೆ ಖರೀದಿ ಮುಗಿಯಿತು.

4. ಬೆಲೆಯನ್ನು ಮನೆಯ ದುಡಿಮೆಗೆ ಬದಲಾಯಿಸಿ ಓದುವುದು. ನನ್ನ ಅಳತೆ ಕುಚ್ಚು. ನಿಮ್ಮ ಮನೆಯಲ್ಲಿ ಅದು ಆಟೊ ಬಾಡಿಗೆ, ಹೊಲಿಗೆ, ಗ್ಯಾರೇಜಿನ ದಿನಗೂಲಿ, ಯಾವುದಾದರೂ ಆಗಬಹುದು. ಒಮ್ಮೆ ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಇನ್ನು ಆ ಶರಾರಾದ ವಿಷಯ. ಖಾಲಾರ ಮಗಳು ಅದನ್ನು ಎರಡು ಮದುವೆಗಳಿಗೆ ಹಾಕಿಕೊಂಡು ಹೋದಳು. ಈಗ ಒಟ್ಟು ಐದು ಸಲವಾಗಿ, ಒಂದು ಸಲಕ್ಕೆ ₹480ಕ್ಕೆ ಇಳಿದಿದೆ. ಈ ಈದ್‌ಗೆ ನಾನು ಅದನ್ನೇ ಹೊಸ ದುಪಟ್ಟಾದೊಂದಿಗೆ ಹಾಕಲಿದ್ದೇನೆ. ದುಪಟ್ಟಾಕ್ಕೆ ₹300, ಅಂದರೆ ಎರಡೂವರೆ ಸೀರೆ. ಅಮ್ಮಿಗೆ ಈ ಲೆಕ್ಕ ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಆಮೇಲೆ, "ಆ ಅರ್ಧ ಸೀರೆಯ ಕುಚ್ಚು ನೀನೇ ಹಾಕು" ಎಂದರು. ಈಗ ಕಲಿಯುತ್ತಿದ್ದೇನೆ.