ಮತದಾರರ ಪಟ್ಟಿಗೆ ಕನ್ನ: ನಿಜಕ್ಕೂ ಬಂತೇ ಹುಲಿ?

2017ರ ಸೆಪ್ಟೆಂಬರ್ 22, ಶುಕ್ರವಾರ. ಅಮೆರಿಕದ ರಾಜ್ಯಗಳ ಚುನಾವಣಾ ಕಚೇರಿಗಳಿಗೆ ಆ ದಿನ ವಾಷಿಂಗ್ಟನ್ನಿನಿಂದ ಒಂದರ ಹಿಂದೊಂದು ದೂರವಾಣಿ ಕರೆಗಳು ಬಂದವು. ಕರೆ ಮಾಡಿದವರು ಗೃಹಭದ್ರತಾ ಇಲಾಖೆಯ ಅಧಿಕಾರಿಗಳು. 2016ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ರಷ್ಯಾದ ಹ್ಯಾಕರ್‌ಗಳು 21 ರಾಜ್ಯಗಳ ಚುನಾವಣಾ ವ್ಯವಸ್ಥೆಯ ಮೇಲೆ ಕಣ್ಣಿಟ್ಟಿದ್ದರು ಎಂಬುದು ಸಮಾಚಾರ. ಚುನಾವಣೆ ಮುಗಿದು ಹತ್ತು ತಿಂಗಳಾದ ಮೇಲೆ ಬಂದ ಈ ಸುದ್ದಿ ದೇಶದಲ್ಲೆಲ್ಲ ದೊಡ್ಡ ಗುಲ್ಲೆಬ್ಬಿಸಿತು.

ಆದರೆ ವಾರ ಕಳೆಯುವಷ್ಟರಲ್ಲಿ ಕಥೆಗೆ ತಿರುವು ಸಿಕ್ಕಿತು. ಹ್ಯಾಕರ್‌ಗಳು ಇಣುಕಿದ್ದು ಚುನಾವಣಾ ಆಯೋಗದ ಕಂಪ್ಯೂಟರನ್ನಲ್ಲ, ಉದ್ಯೋಗ ವ್ಯವಹಾರ ನೋಡುವ ಇಲಾಖೆಯದನ್ನು ಎಂದು ವಿಸ್ಕಾನ್ಸಿನ್ ರಾಜ್ಯಕ್ಕೆ ಅದೇ ಗೃಹಭದ್ರತಾ ಇಲಾಖೆ ತಿಳಿಸಿತು. ಕ್ಯಾಲಿಫೋರ್ನಿಯಾದ ಚುನಾವಣಾ ಮುಖ್ಯಸ್ಥರಾಗಿದ್ದ ಅಲೆಕ್ಸ್ ಪಡಿಲ್ಲಾ ಕೂಡ ತಮ್ಮ ಕಚೇರಿಯ ಜಾಲಕ್ಕೆ ಏನೂ ಆಗಿಲ್ಲ, ಇಣುಕಿದ್ದು ತಂತ್ರಜ್ಞಾನ ಇಲಾಖೆಯ ಜಾಲವನ್ನು, ವಾಷಿಂಗ್ಟನ್ ಹೇಳಿದ್ದು ತಪ್ಪು ಎಂದು ಬಹಿರಂಗವಾಗಿಯೇ ಸಾರಿದರು. ಗೃಹಭದ್ರತಾ ಇಲಾಖೆ ಮಾತ್ರ ತನ್ನ ಪಟ್ಟಿಯನ್ನು ಬದಲಿಸಲಿಲ್ಲ. ಪಕ್ಕದ ಮನೆಯ ಗೋಡೆ ಹತ್ತುವವನು ಈ ಮನೆಗೆ ಇಳಿಯುವ ದಾರಿಯನ್ನೇ ಹುಡುಕುತ್ತಿರಬಹುದಲ್ಲವೇ ಎಂಬ ಧಾಟಿ ಅದರದು.

ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಗಾದರೆ ಪತ್ರಿಕೆ ಓದುವ ಸಾಮಾನ್ಯ ನಾಗರಿಕ ಯಾರನ್ನು ನಂಬಬೇಕು?

'ಹುಲಿ ಬಂತು ಹುಲಿ' ಎಂದು ಕೂಗಿ ಊರವರನ್ನು ಓಡಿಸಿದ ಹುಡುಗನ ಕಥೆಯನ್ನು ಕೇಳದ ಮಕ್ಕಳಿಲ್ಲ. ಸುಳ್ಳು ಹೇಳಬಾರದು ಎಂಬ ನೀತಿಯೊಂದಿಗೆ ಆ ಕಥೆಯನ್ನು ಮುಗಿಸಿಬಿಡುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ಕೊನೆಗೆ ಹುಲಿ ನಿಜವಾಗಿಯೂ ಬಂತು, ಆಗ ಯಾರೂ ನಂಬಲಿಲ್ಲ. ವಿದೇಶೀಯರು ಮತದಾರರ ಪಟ್ಟಿಗೆ ಕನ್ನ ಹಾಕಿದರು ಎಂದು ಸರಕಾರಗಳು ಹೇಳುವಾಗ ಈ ಎರಡೂ ಪಾಠಗಳನ್ನು ಒಟ್ಟಿಗೆ ನೆನಪಿಡಬೇಕಾಗುತ್ತದೆ.

'ವಿದೇಶಿ ಕೈವಾಡ' ಎಂಬ ಮಾತು ಭಾರತೀಯರಿಗೂ ಹೊಸದಲ್ಲ. 1970ರ ದಶಕದಲ್ಲಿ ಇಂದಿರಾ ಗಾಂಧಿಯವರ ಭಾಷಣಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತಿತ್ತು, ವಿರೋಧಿಗಳ ಗೇಲಿಗೂ ಗುರಿಯಾಗುತ್ತಿತ್ತು. ಕಾಣದ ಕೈಯೊಂದನ್ನು ತೋರಿಸುವುದು ಆಳುವವರಿಗೆ ಸುಲಭ. ಕಂಪ್ಯೂಟರ್ ಯುಗದಲ್ಲಿ ಅದು ಇನ್ನಷ್ಟು ಸುಲಭವಾಗಿದೆ. ಏಕೆಂದರೆ ಇಲ್ಲಿ ಕಳ್ಳನೂ ಕಾಣುವುದಿಲ್ಲ, ಕಳವಾದ ಮಾಲೂ ಇದ್ದಲ್ಲೇ ಇರುತ್ತದೆ!

ಕದ ತಟ್ಟಿದ್ದೋ, ಒಳನುಗ್ಗಿದ್ದೋ?

'ಹ್ಯಾಕಿಂಗ್' ಎಂಬ ಒಂದೇ ಪದವನ್ನು ಹಲವು ಬೇರೆ ಬೇರೆ ಕೆಲಸಗಳಿಗೆ ಬಳಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಒಬ್ಬ ಅಪರಿಚಿತ ರಾತ್ರಿ ಬೀದಿಯಲ್ಲಿ ನಡೆಯುತ್ತಾ ಪ್ರತಿ ಮನೆಯ ಚಿಲಕ ಅಲುಗಿಸಿ ನೋಡಿದ ಎನ್ನೋಣ. ಇದು 'ಸ್ಕ್ಯಾನಿಂಗ್'. ಅಂತರಜಾಲದಲ್ಲಿ ಇದು ಹಗಲೂ ರಾತ್ರಿ ನಡೆದೇ ಇರುತ್ತದೆ. ಎರಡನೆಯದು, ತೆರೆದ ಕದವೊಂದು ಸಿಕ್ಕಿ ಒಳಹೊಕ್ಕದ್ದು. ಮೂರನೆಯದು, ಒಳಗಿದ್ದ ಕಾಗದಪತ್ರಗಳ ನಕಲು ತೆಗೆದುಕೊಂಡು ಹೋದದ್ದು. ನಾಲ್ಕನೆಯದು, ಆ ಕಾಗದಪತ್ರಗಳನ್ನೇ ತಿದ್ದಿದ್ದು, ಅಂದರೆ ಮತದಾರರ ಹೆಸರು ಅಳಿಸಿದ್ದು ಅಥವಾ ವಿಳಾಸ ಬದಲಿಸಿದ್ದು. ಈ ನಾಲ್ಕರ ನಡುವೆ ಅಜಗಜಾಂತರವಿದೆ.

ವಾಷಿಂಗ್ಟನ್ ಹೇಳಿದ 21 ರಾಜ್ಯಗಳಲ್ಲಿ ಬಹುಪಾಲು ಕಡೆ ನಡೆದದ್ದು ಮೊದಲನೆಯದು ಮಾತ್ರ. ಆದರೆ ಇಲಿನಾಯ್ ರಾಜ್ಯದಲ್ಲಿ ಹುಲಿ ನಿಜವಾಗಿಯೂ ಬಂದಿತ್ತು. 2016ರ ಜುಲೈ 12ರಂದು ಅಲ್ಲಿನ ಮತದಾರರ ನೋಂದಣಿಯ ಸರ್ವರ್ ಇದ್ದಕ್ಕಿದ್ದಂತೆ ಏದುಸಿರು ಬಿಡತೊಡಗಿತು. ನೋಡಿದರೆ, ಹೊರಗಿನಿಂದ ಯಾರೋ ಎಡೆಬಿಡದೆ ಮಾಹಿತಿ ಸೆಳೆಯುತ್ತಿದ್ದರು. ಅವರು ಬಳಸಿದ್ದು 'ಎಸ್‌ಕ್ಯೂಎಲ್ ಇಂಜೆಕ್ಷನ್' ಎಂಬ ಹಳೆಯ ಉಪಾಯ. ಪಡಿತರ ಅಂಗಡಿಯ ಚೀಟಿಯಲ್ಲಿ ಹೆಸರು ಬರೆಯಬೇಕಾದ ಜಾಗದಲ್ಲಿ 'ಗೋದಾಮಿನ ಬೀಗದ ಕೈ ಕೊಡಿ' ಎಂದು ಬರೆದುಕೊಟ್ಟರೆ, ಗುಮಾಸ್ತ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟಂತೆ ಇದು. ಜಾಲತಾಣದ ಖಾಲಿ ಜಾಗದಲ್ಲಿ ಹೆಸರಿನ ಬದಲು ಆಜ್ಞೆಯನ್ನು ಬರೆದರೆ ಎಚ್ಚರ ತಪ್ಪಿದ ಕಂಪ್ಯೂಟರ್ ಅದನ್ನು ಪಾಲಿಸಿಬಿಡುತ್ತದೆ.

ಎಷ್ಟು ಮಂದಿಯ ವಿವರ ಹೋಯಿತು? 2 ಲಕ್ಷದವರೆಗೆ ಎಂದು ಅಮೆರಿಕದ ಸೆನೆಟ್ ಸಮಿತಿ 2019ರಲ್ಲಿ ಹೇಳಿತು. ಅದಕ್ಕೂ ಮೊದಲು, 2018ರ ಜುಲೈನಲ್ಲಿ, ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 12 ಅಧಿಕಾರಿಗಳ ಮೇಲೆ ಹೊರಿಸಿದ ಆರೋಪಪಟ್ಟಿಯಲ್ಲಿ ಸುಮಾರು 5 ಲಕ್ಷ ಎಂದಿತ್ತು. ಆ ಅಧಿಕಾರಿಗಳು ಅಮೆರಿಕದ ಕೈಗೆ ಸಿಕ್ಕಿಲ್ಲವಾದ್ದರಿಂದ ಆರೋಪ ನ್ಯಾಯಾಲಯದಲ್ಲಿ ಪರೀಕ್ಷೆಗೊಳಗಾಗಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಯಿತು. ಪಟ್ಟಿಯಲ್ಲಿ ಒಂದು ಹೆಸರನ್ನಾದರೂ ಅಳಿಸಿದ್ದಕ್ಕೆ, ಒಂದು ಮತವನ್ನಾದರೂ ಬದಲಿಸಿದ್ದಕ್ಕೆ ಸೆನೆಟ್ ಸಮಿತಿಗೆ ಪುರಾವೆ ಸಿಗಲಿಲ್ಲ. ಆದದ್ದು ಮೂರನೆಯದು, ನಾಲ್ಕನೆಯದಲ್ಲ.

ವಿಳಾಸ ಸಿಕ್ಕಿದ ಮಾತ್ರಕ್ಕೆ ಕಳ್ಳ ಸಿಕ್ಕಂತಲ್ಲ

ಬಂದವನು ಯಾವ ದೇಶದವನೆಂದು ಹೇಳುವುದು ಹೇಗೆ? ಅಂತರಜಾಲಕ್ಕೆ ಸೇರಿದ ಪ್ರತಿ ಕಂಪ್ಯೂಟರಿಗೂ ಒಂದು ಅಂಕಿವಿಳಾಸ ಇರುತ್ತದೆ. ಇದೇ ಐಪಿ ವಿಳಾಸ. ಆದರೆ ಅದು ಯಂತ್ರದ ವಿಳಾಸವೇ ಹೊರತು ಅದರ ಮುಂದೆ ಕೂತವನದ್ದಲ್ಲ. ಜಗತ್ತಿನ ಯಾವುದೋ ಮೂಲೆಯಲ್ಲಿ ಕೂತವನು ಇನ್ನೊಂದು ದೇಶದ ಸರ್ವರನ್ನು ಬಾಡಿಗೆಗೆ ಪಡೆದು, ಅದರ ಮೂಲಕ ಮೂರನೆಯ ದೇಶದ ಕದ ತಟ್ಟಬಹುದು.

ಇದೇ ಇಲಿನಾಯ್ ರಾಜ್ಯದಲ್ಲಿ 2011ರಲ್ಲಿ ನಡೆದ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಸ್ಪ್ರಿಂಗ್‌ಫೀಲ್ಡ್ ಬಳಿ ನೀರು ಸರಬರಾಜಿನ ಪಂಪೊಂದು ಕೆಟ್ಟಿತು. ದಾಖಲೆ ತೆಗೆದು ನೋಡಿದರೆ ರಷ್ಯಾದ ವಿಳಾಸವೊಂದು ಕಂಡಿತು. ರಾಜ್ಯದ ಭದ್ರತಾ ಕೇಂದ್ರ ಇದು ವಿದೇಶಿ ಹ್ಯಾಕರ್‌ಗಳ ಕೆಲಸ ಎಂದು ವರದಿ ಬರೆಯಿತು, ಪತ್ರಿಕೆಗಳು ಅದನ್ನು ಹೊತ್ತು ಮೆರೆಸಿದವು. ಕೊನೆಗೆ ತಿಳಿದದ್ದೇನು? ಆ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರ ಕೆಲವು ತಿಂಗಳ ಹಿಂದೆ ಸಂಸಾರ ಸಮೇತ ರಷ್ಯಾ ಪ್ರವಾಸಕ್ಕೆ ಹೋಗಿದ್ದಾಗ, ಕಚೇರಿಯವರ ಕೋರಿಕೆಯಂತೆ ಅಲ್ಲಿಂದಲೇ ಒಮ್ಮೆ ವ್ಯವಸ್ಥೆಯೊಳಗೆ ಹೋಗಿ ನೋಡಿದ್ದ! ಅವನಿಗೊಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು.

ಹಾಗೆಂದು ಪತ್ತೆಗೆ ದಾರಿಯೇ ಇಲ್ಲವೆಂದಲ್ಲ. ಹ್ಯಾಕರ್ ಬಳಸಿದ ಪ್ರೋಗ್ರಾಂ ಹಿಂದೆ ಎಲ್ಲಿ ಬಳಕೆಯಾಗಿತ್ತು, ಸರ್ವರಿನ ಬಾಡಿಗೆ ಹಣ ಎಲ್ಲಿಂದ ಬಂತು, ಗೂಢಚಾರರಿಗೆ ಸಿಕ್ಕ ಸುಳಿವೇನು ಎಂಬುದನ್ನೆಲ್ಲ ಕೂಡಿಸಿ ತೀರ್ಮಾನಕ್ಕೆ ಬರುತ್ತಾರೆ. ತೊಡಕೆಂದರೆ, ಇದರಲ್ಲಿ ಮುಖ್ಯವಾದದ್ದನ್ನು ಸರಕಾರ ಹೊರಗೆ ಹೇಳುವುದಿಲ್ಲ. ಹೇಳಿದರೆ ಗೂಢಚಾರರ ಗುಟ್ಟು ರಟ್ಟಾಗುತ್ತದೆ ಎಂಬ ಸಮಜಾಯಿಷಿ ಸುಳ್ಳೇನಲ್ಲ. ಆದರೆ ಪುರಾವೆ ತೋರಿಸದವರ ಮಾತನ್ನು ಜನ ತೂಗಿ ನೋಡುವುದೂ ತಪ್ಪಲ್ಲ.

ಕಳ್ಳನಿಲ್ಲದ ಕಳವು

ಎಷ್ಟೋ ಸಲ ಹಗ್ಗವೇ ಹಾವಾಗಿ ಕಂಡಿದೆ. 2016ರ ಜೂನ್ 7ರಂದು, ಯುರೋಪ್ ಒಕ್ಕೂಟದ ಜನಮತಗಣನೆಗೆ ಹೆಸರು ನೋಂದಾಯಿಸಲು ಕೊನೆಯ ರಾತ್ರಿ, ಬ್ರಿಟನ್ನಿನ ನೋಂದಣಿ ಜಾಲತಾಣ ಕುಸಿದುಬಿತ್ತು. ಗಡುವನ್ನು ಎರಡು ದಿನ ಮುಂದೂಡಬೇಕಾಯಿತು. ಮರುವರ್ಷ ಸಂಸತ್ತಿನ ಸಮಿತಿಯೊಂದು ಇದು ವಿದೇಶಿ ದಾಳಿ ಆಗಿರಬಹುದೆಂಬ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದಿತು. ಸರಕಾರವೇ ಅದನ್ನು ಒಪ್ಪಲಿಲ್ಲ. ಅಂದು ರಾತ್ರಿ ಟೀವಿಯಲ್ಲಿ ಜನಮತಗಣನೆಯ ಕುರಿತ ದೊಡ್ಡ ಕಾರ್ಯಕ್ರಮ ಪ್ರಸಾರವಾಗಿತ್ತು. ಗಡುವು ಮುಗಿಯುವ ಮುನ್ನ ಲಕ್ಷಾಂತರ ಮಂದಿ ಒಮ್ಮೆಲೇ ಮುಗಿಬಿದ್ದದ್ದೇ ಕಾರಣ ಎಂದಿತು ಸರಕಾರ. ಫಲಿತಾಂಶದ ದಿನ ಪರೀಕ್ಷಾ ಮಂಡಳಿಯ ಜಾಲತಾಣ ತೆರೆಯಲು ಹೆಣಗಿದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ 2016ರ ಮತದಾನದ ದಿನ ಮತಗಟ್ಟೆಯ ಲ್ಯಾಪ್‌ಟಾಪ್‌ಗಳು ಮತದಾರರ ಬಗ್ಗೆ ತಪ್ಪು ಮಾಹಿತಿ ತೋರಿಸಿದವು. ರಷ್ಯಾದ ಕೈವಾಡದ ಗುಮಾನಿ ಮೂರು ವರ್ಷ ಹಬ್ಬಿತ್ತು. 2019ರ ಡಿಸೆಂಬರಿನಲ್ಲಿ ಹೊರಬಂದ ಗೃಹಭದ್ರತಾ ಇಲಾಖೆಯ ತಪಾಸಣಾ ವರದಿಯಲ್ಲಿ ಹ್ಯಾಕಿಂಗಿನ ಕುರುಹೇ ಇರಲಿಲ್ಲ. ಯಂತ್ರಗಳನ್ನು ಸಿದ್ಧಪಡಿಸಿ ಬಳಸಿದವರ ಕೈತಪ್ಪುಗಳತ್ತಲೇ ಬೆರಳು ತಿರುಗಿತು.

2020ರ ಸೆಪ್ಟೆಂಬರಿನಲ್ಲಿ ಮಿಷಿಗನ್ ರಾಜ್ಯದ ಲಕ್ಷಾಂತರ ಮತದಾರರ ವಿವರ ರಷ್ಯಾದ ಹ್ಯಾಕರ್‌ಗಳ ಬಳಿ ಇದೆಯೆಂದು ರಷ್ಯಾದ ಪತ್ರಿಕೆಯೊಂದು ಬರೆಯಿತು. ಆಗ ರಾಜ್ಯಾಡಳಿತ ಕೊಟ್ಟ ಉತ್ತರ ಕೇಳಿ ಹಲವರು ಬೆಪ್ಪಾದರು. ಅದನ್ನು ಕದಿಯಬೇಕಾಗಿಯೇ ಇಲ್ಲ, ಅರ್ಜಿ ಹಾಕಿದವರಿಗೆಲ್ಲ ಸಿಗುವ ಸಾರ್ವಜನಿಕ ಮಾಹಿತಿ ಅದು! 2017ರಲ್ಲಿ ಸುಮಾರು 20 ಕೋಟಿ ಅಮೆರಿಕನ್ ಮತದಾರರ ವಿವರ ಅಂತರಜಾಲದಲ್ಲಿ ಪಾಸ್‌ವರ್ಡ್ ಕೂಡ ಇಲ್ಲದೆ ಬಿದ್ದಿದ್ದೂ ಬೆಳಕಿಗೆ ಬಂದಿತ್ತು. ಅದನ್ನು ಹಾಗೆ ಬಿಟ್ಟದ್ದು ವಿದೇಶೀಯರಲ್ಲ, ರಾಜಕೀಯ ಪಕ್ಷವೊಂದಕ್ಕೆ ಕೆಲಸ ಮಾಡುತ್ತಿದ್ದ ಅಲ್ಲಿಯದೇ ಸಂಸ್ಥೆ.

ಕೂಗುವವನು ಯಾರು ಎಂಬುದನ್ನೂ ನೋಡಬೇಕು. ಜಾರ್ಜಿಯಾ ರಾಜ್ಯದಲ್ಲಿ 2018ರ ನವೆಂಬರ್ 4ರಂದು, ಮತದಾನಕ್ಕೆ ಎರಡೇ ದಿನ ಇರುವಾಗ, ಚುನಾವಣಾ ಉಸ್ತುವಾರಿ ಹೊತ್ತ ಕಚೇರಿಯು ಮತದಾರರ ಪಟ್ಟಿಗೆ ಕನ್ನ ಹಾಕಲು ಯತ್ನಿಸಿದ ಗುಮಾನಿಯನ್ನು ವಿರೋಧ ಪಕ್ಷದ ಮೇಲೆ ಹೊರಿಸಿತು. ಆ ಕಚೇರಿಯ ಮುಖ್ಯಸ್ಥ ಬ್ರಯಾನ್ ಕೆಂಪ್ ಅದೇ ಚುನಾವಣೆಯಲ್ಲಿ ಗವರ್ನರ್ ಹುದ್ದೆಗೆ ಅಭ್ಯರ್ಥಿ! ಅವರು ಗೆದ್ದರು. 2020ರ ಮಾರ್ಚಿನಲ್ಲಿ ತನಿಖೆ ಮುಗಿದಾಗ ಆರೋಪಕ್ಕೆ ಪುರಾವೆ ಇರಲಿಲ್ಲ. ನಡೆದದ್ದಿಷ್ಟೆ: ಜಾಲತಾಣದ ಚಿಲಕ ಸಡಿಲವಾಗಿದೆ ಎಂದು ಮತದಾರನೊಬ್ಬ ಎಚ್ಚರಿಸಿದ್ದ, ಆ ಮಾತು ಪಕ್ಷದ ಕಿವಿಗೂ ಬಿದ್ದಿತ್ತು.

ಕದ ಮುಚ್ಚದವರ ಕಥೆ

ಆರೋಪ ನಿಜವಾದಾಗಲೂ ಅದು ಪೂರ್ತಿ ಕಥೆಯಾಗಿರುವುದಿಲ್ಲ. ಬ್ರಿಟನ್ನಿನ ಚುನಾವಣಾ ಆಯೋಗದ ಕಂಪ್ಯೂಟರುಗಳಿಗೆ 2021ರ ಆಗಸ್ಟಿನಲ್ಲಿ ಹ್ಯಾಕರ್‌ಗಳು ನುಗ್ಗಿದರು. ಆಯೋಗಕ್ಕೆ ಗೊತ್ತಾದದ್ದು 2022ರ ಅಕ್ಟೋಬರಿನಲ್ಲಿ, ಜನರಿಗೆ ತಿಳಿಸಿದ್ದು 2023ರ ಆಗಸ್ಟಿನಲ್ಲಿ. ಸುಮಾರು 4 ಕೋಟಿ ಮತದಾರರ ಹೆಸರು, ವಿಳಾಸಗಳಿದ್ದ ಪಟ್ಟಿ ಅದು. 2024ರ ಮಾರ್ಚಿನಲ್ಲಿ ಬ್ರಿಟಿಷ್ ಸರಕಾರ ಇದು ಚೀನಾ ಸರಕಾರದ ನಂಟುಳ್ಳವರ ಕೃತ್ಯ ಎಂದು ಸಂಸತ್ತಿನಲ್ಲಿ ಹೇಳಿತು. ಚೀನಾ ಅಲ್ಲಗಳೆಯಿತು.

ಸುದ್ದಿಯಾದದ್ದು ಅಷ್ಟು. ಅದೇ ವರ್ಷದ ಜುಲೈನಲ್ಲಿ ಬಂದ ಇನ್ನೊಂದು ಆದೇಶ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಮಾಹಿತಿ ರಕ್ಷಣೆಯ ಹೊಣೆ ಹೊತ್ತ ಅಲ್ಲಿನ ಆಯುಕ್ತರ ಕಚೇರಿ ಚುನಾವಣಾ ಆಯೋಗಕ್ಕೆ ಛೀಮಾರಿ ಹಾಕಿತ್ತು. ಹ್ಯಾಕರ್‌ಗಳು ನುಸುಳಿದ ಕಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಸಾಫ್ಟ್‌ವೇರ್ ತಯಾರಕರು ತಿಂಗಳುಗಳ ಮೊದಲೇ ಕೊಟ್ಟಿದ್ದರು. ಆಯೋಗ ಅದನ್ನು ಹಾಕಿಕೊಂಡಿರಲಿಲ್ಲ. ಖಾತೆ ತೆರೆದಾಗ ಕೊಟ್ಟ ಪಾಸ್‌ವರ್ಡನ್ನೇ, ಇಲ್ಲವೇ ಅದನ್ನು ಹೋಲುವುದನ್ನೇ, 178 ಖಾತೆಗಳಲ್ಲಿ ಬಳಸಲಾಗುತ್ತಿತ್ತು. ಕಳ್ಳ ಚೀನಾದವನೇ ಇರಲಿ, ಪಕ್ಕದ ಬೀದಿಯವನೇ ಇರಲಿ, ಬಾಗಿಲಿಗೆ ಅಗುಳಿ ಹಾಕಿರಲಿಲ್ಲ ಎಂಬುದು ಬದಲಾಗುವುದಿಲ್ಲ. ಬಲಾಢ್ಯ ವಿದೇಶವೊಂದು ದಾಳಿ ಮಾಡಿತು ಎಂದಾಗ ಕೇಳುವವರಿಗೆ ಸಿಟ್ಟು ಬರುವುದು ಆ ದೇಶದ ಮೇಲೆ. ಅಗುಳಿ ಹಾಕದವರ ಮೇಲಿನ ಪ್ರಶ್ನೆ ಹಿಂದೆ ಸರಿಯುತ್ತದೆ. ಸರಕಾರಗಳ ಹೇಳಿಕೆಯನ್ನು ಅನುಮಾನದಿಂದ ನೋಡಬೇಕಾದ ಮುಖ್ಯ ಕಾರಣ ಇದೇ.

ಅಂಜಿಕೆಯೇ ಆಯುಧ

ಈ ಅನುಮಾನ 'ಎಲ್ಲವೂ ಬೊಗಳೆ' ಎಂಬ ಹಟವಾಗಬಾರದು. 2020ರ ಅಕ್ಟೋಬರಿನಲ್ಲಿ ಅಮೆರಿಕದ ಕೆಲವು ಮತದಾರರಿಗೆ ಬೆದರಿಕೆಯ ಇ-ಮೇಲ್‌ಗಳು ಬಂದವು. ನಿಮ್ಮ ವಿವರವೆಲ್ಲ ನಮ್ಮಲ್ಲಿದೆ, ಹೇಳಿದವರಿಗೆ ಮತ ಹಾಕದಿದ್ದರೆ ಬಿಡುವುದಿಲ್ಲ ಎಂಬುದು ತಾತ್ಪರ್ಯ. ಇದರ ಹಿಂದೆ ಇರಾನ್ ಇದೆಯೆಂದು ಸರಕಾರ ಕೆಲವೇ ದಿನಗಳಲ್ಲಿ ಘೋಷಿಸಿತು. ಇಷ್ಟು ಬೇಗ ಹೇಗೆ ತಿಳಿಯಿತು ಎಂದು ಹಲವರು ಹುಬ್ಬೇರಿಸಿದರು. ಒಂದು ವರ್ಷದ ಬಳಿಕ, 2021ರ ನವೆಂಬರಿನಲ್ಲಿ, ಇಬ್ಬರು ಇರಾನಿಗಳ ಮೇಲೆ ವಿವರವಾದ ಆರೋಪಪಟ್ಟಿ ಬಂತು. ಸರಿಯಾಗಿ ಜೋಡಿಸದ ರಾಜ್ಯವೊಂದರ ಜಾಲತಾಣದಿಂದ ಅವರು ಲಕ್ಷಕ್ಕೂ ಹೆಚ್ಚು ಮತದಾರರ ವಿವರ ಪಡೆದಿದ್ದರು ಎಂದು ಅದರಲ್ಲಿತ್ತು.

ಆದರೆ ಅವರು ಪಟ್ಟಿಯಲ್ಲಿ ಏನನ್ನೂ ತಿದ್ದಲಿಲ್ಲ. ತಿದ್ದಬಲ್ಲೆವು ಎಂದು ಜನರನ್ನು ನಂಬಿಸಲು ಹೊರಟರು. 'ನನ್ನ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ, ಹೋಗಿ ಏನು ಪ್ರಯೋಜನ' ಎಂದು ಮತದಾರ ಮನೆಯಲ್ಲೇ ಕೂತರೆ ಹ್ಯಾಕರ್‌ನ ಕೆಲಸ ಮುಗಿದಂತೆ. ಇಣುಕಿದ್ದನ್ನು ನುಗ್ಗಿದ್ದೆಂದು, ನುಗ್ಗಿದ್ದನ್ನು ತಿದ್ದಿದ್ದೆಂದು ಹಿಗ್ಗಿಸಿ ಹೇಳುವ ಸರಕಾರವೂ ಪತ್ರಿಕೆಯೂ ತಿಳಿಯದೆಯೇ ಅದೇ ಕೆಲಸ ಮಾಡಿಕೊಡುತ್ತವೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇಲ್ಲಿ ಒಳ್ಳೆಯ ಉಪಯೋಗವಿದೆ. ಇಂಥ ಸುದ್ದಿ ಬಂದಾಗ ಮನೆಯಲ್ಲಿ ತಂದೆತಾಯಿಯರೂ ಮಕ್ಕಳೂ ಕೂಡಿ ಐದು ಪ್ರಶ್ನೆ ಕೇಳಿಕೊಳ್ಳಬಹುದು. ನಡೆದದ್ದು ಇಣುಕುವುದೋ, ನುಗ್ಗುವುದೋ, ನಕಲೋ, ತಿದ್ದುವುದೋ? ಇಂಥವರೇ ಎಂದು ಹೇಳಲು ತೋರಿಸಿದ ಪುರಾವೆ ಏನು? ಹೇಳುವವರಿಗೆ ಇದರಿಂದ ಲಾಭವೇನಾದರೂ ಇದೆಯೇ? ಕದ ತೆರೆದಿಟ್ಟವರು ಯಾರು? ಒಂದು ವರ್ಷದ ನಂತರ ತನಿಖೆ ಏನು ಹೇಳಿತು? ಕೊನೆಯ ಪ್ರಶ್ನೆಯೇ ಎಲ್ಲರೂ ಮರೆಯುವಂಥದ್ದು. ಮೊದಲ ದಿನದ ಸುದ್ದಿ ಮುಖಪುಟದಲ್ಲಿರುತ್ತದೆ, ತನಿಖೆಯ ಫಲಿತಾಂಶ ಒಳಪುಟದ ಮೂಲೆಯಲ್ಲಿ.

ಮತದಾರನ ಕೈಯಲ್ಲೂ ಒಂದು ಉಪಾಯವಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ, ಪಟ್ಟಿಯಲ್ಲಿ ಹೆಸರು ಕಾಣದಿದ್ದರೂ ತಾತ್ಕಾಲಿಕ ಮತಪತ್ರ ಪಡೆದು ಮತ ಹಾಕಿ, ಅರ್ಹತೆಯನ್ನು ಆಮೇಲೆ ಪರಿಶೀಲಿಸಲು 2002ರ ಕಾನೂನು ಅವಕಾಶ ಕೊಟ್ಟಿದೆ. ಭಾರತದಲ್ಲಿ ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕೇಳುವ ಪದ್ಧತಿ ಮೊದಲಿನಿಂದಲೂ ಇದೆ. ಹದಿನೆಂಟು ತುಂಬಿದ ಮಗನೋ ಮಗಳೋ ಮೊದಲ ಬಾರಿಗೆ ಹೆಸರು ಸೇರಿಸುವಾಗ, ಕರಡು ಪಟ್ಟಿ ತೆರೆದು ಮನೆಯವರೆಲ್ಲರ ಹೆಸರು, ಅಕ್ಷರ, ವಯಸ್ಸು ಸರಿಯಾಗಿವೆಯೇ ಎಂದು ನೋಡಿಬಿಡುವುದು ಒಳ್ಳೆಯದು. ಪಟ್ಟಿಯಿಂದ ಹೆಸರು ಬಿಟ್ಟುಹೋದರೆ, ಅದು ಹ್ಯಾಕರ್‌ನ ಕೈವಾಡವೇ ಇರಲಿ ಗುಮಾಸ್ತರ ಕೈತಪ್ಪೇ ಇರಲಿ, ಮತದಾನಕ್ಕೆ ಮೊದಲೇ ಗೊತ್ತಾದರೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.