ಚಪ್ಪಾಳೆ ಬಿತ್ತು, ನಂಬಿಕೆ ಹುಟ್ಟಲಿಲ್ಲ

ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿವೇತನ ಬಾಕಿ ಉಳಿದಿದ್ದರ ವಿರುದ್ಧ ಒಂದು ಸಭೆ ಮಾಡಿದ್ವಿ. ನಾನು ಮೊದಲ ಸಲ ಮೈಕ್ ಹಿಡಿದೆ. ಗಂಟಲು ಹರಿಯುವಂತೆ ಕೂಗಿದೆ. ಚಪ್ಪಾಳೆ ಬಿತ್ತು. ಕೆಳಗಿಳಿದು ಬಂದಾಗ ಜೂನಿಯರ್ ಒಬ್ಬಳು ಕೇಳಿದಳು: "ಅಣ್ಣಾ, ನಮ್ಮ ಕಾಲೇಜಲ್ಲಿ ಎಷ್ಟು ಜನಕ್ಕೆ ಬಂದಿಲ್ಲ? ಎಷ್ಟು ತಿಂಗಳಿಂದ?" ನನ್ನ ಹತ್ರ ಉತ್ತರ ಇರಲಿಲ್ಲ. ಮರುದಿನ ಮನವಿಪತ್ರಕ್ಕೆ ಸಹಿ ಹಾಕಲು ಬಂದವರು ಬೆರಳೆಣಿಕೆಯಷ್ಟು ಮಂದಿ.

ಎಡವಿದ್ದು ಎಲ್ಲಿ ಅಂತ ನನಗೆ ಗೊತ್ತಾಗಿದ್ದು ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ಓದಿದಾಗ. ನಾವೆಲ್ಲ ನೆನಪಿಟ್ಟುಕೊಂಡಿರೋದು ಅದರ ಕೊನೆಯ ಭಾಗವನ್ನು. 1950ರ ಜನವರಿ 26ರಂದು ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯಕ್ಕೆ ಕಾಲಿಡುತ್ತೇವೆ ಎಂಬ ಎಚ್ಚರಿಕೆ ಅದು. ಆದರೆ ಆ ಎಚ್ಚರಿಕೆಗೆ ತೂಕ ಬಂದಿದ್ದು ಅದಕ್ಕೂ ಮೊದಲು ಅವರು ಹೇಳಿದ ಮಾತುಗಳಿಂದ.

ಕರಡು ತಯಾರಿಸಲು ವಿಪರೀತ ಕಾಲ ಹಿಡಿಯಿತು ಎಂಬ ಟೀಕೆ ಆಗ ಇತ್ತು. ಅಂಬೇಡ್ಕರ್ ಅದನ್ನು ಬಚ್ಚಿಡಲಿಲ್ಲ, ತಾವೇ ಎತ್ತಿಕೊಂಡರು. ಸಭೆ ಸೇರಿ 2 ವರ್ಷ, 11 ತಿಂಗಳು, 17 ದಿನ ಆಯಿತು ಎಂದು ಲೆಕ್ಕ ಕೊಟ್ಟರು. ಸಲ್ಲಿಕೆಯಾದ ತಿದ್ದುಪಡಿಗಳು ಸುಮಾರು 7,635, ಸದನದಲ್ಲಿ ಮಂಡನೆಯಾದದ್ದು 2,473. ಅಮೆರಿಕದ ಸಂವಿಧಾನ ನಾಲ್ಕೇ ತಿಂಗಳಲ್ಲಿ ಮುಗಿದಿತ್ತು ಅನ್ನೋದನ್ನೂ ಅವರೇ ಹೇಳಿದರು. ನಮ್ಮದು 395 ವಿಧಿಗಳ ಸಂವಿಧಾನ, ಅವರದ್ದು ಬಹಳ ಚಿಕ್ಕದು ಎಂದು ಆಮೇಲೆ ವಿವರಿಸಿದರು. ಎದುರಾಳಿಯ ಪ್ರಶ್ನೆಯನ್ನು ನೀವೇ ಎತ್ತಿದರೆ ಕೇಳುಗರಿಗೆ ಅನುಮಾನಪಡಲು ಹೆಚ್ಚೇನೂ ಉಳಿಯೋದಿಲ್ಲ.

ಇನ್ನೊಂದು ವಿಷಯ ಗಮನಿಸಿ. ತನಗೆ ಬರುತ್ತಿರುವ ಹೊಗಳಿಕೆಯಲ್ಲಿ ಒಂದು ಪಾಲು ಮಂಗಳೂರಲ್ಲಿ ಹುಟ್ಟಿದ ಬಿ.ಎನ್. ರಾವ್ ಅವರಿಗೂ, ಹೆಚ್ಚಿನ ಪಾಲು ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೂ ಸೇರಬೇಕು ಎಂದರು. ಪದೇಪದೇ ತಕರಾರು ತೆಗೆಯುತ್ತಿದ್ದ ಎಚ್.ವಿ. ಕಾಮತ್ ಅಂಥವರಿಗೂ ಧನ್ಯವಾದ ಹೇಳಿದರು. ಹೀಗೆ ಮಾತಾಡುವವರು ಕಹಿ ಸತ್ಯ ಹೇಳಿದಾಗ ಅದು ಸಿಟ್ಟಿನ ಮಾತು ಅಂತ ಯಾರಿಗೂ ಅನಿಸೋದಿಲ್ಲ.

ಮುಂದಿನ ಸಭೆಗೆ ಮುಂಚೆ ಆ ಜೂನಿಯರ್ ಜೊತೆ ತರಗತಿ ತರಗತಿಗೆ ಹೋಗಿ ಹೆಸರು, ಬಾಕಿ ತಿಂಗಳು ಬರೆದುಕೊಂಡೆ. ಐದೇ ನಿಮಿಷ ಮಾತಾಡಿದೆ. "ಅರ್ಜಿಗಳಲ್ಲೇ ತಪ್ಪಿದೆ ಅಂತ ಕಚೇರಿಯವರು ಹೇಳ್ತಾರೆ. ಕೆಲವರದ್ದು ನಿಜ, ಇಲ್ಲಿದೆ ಆ ಪಟ್ಟಿ. ಉಳಿದವರದ್ದು?" ಅಂತ ಶುರು ಮಾಡಿದೆ. ಪಟ್ಟಿ ಮಾಡಿದ್ದು ಅವಳು ಅಂತಲೂ ಹೇಳಿದೆ.

ಚಪ್ಪಾಳೆ ಅಷ್ಟೇನೂ ಬೀಳಲಿಲ್ಲ. ಆದರೆ ಸಹಿ ಹಾಕಲು ಸಾಲು ನಿಂತಿತ್ತು.