ಬೆಂಕಿಪೊಟ್ಟಣದೊಳಗಿನ ಅತಿಥಿ

ಶ್ರಾವಣದ ಒಂದು ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟು ಬಂದ ಮೊಮ್ಮಗಳು ಚೀಲ ಇಳಿಸುವ ಮೊದಲೇ ನನ್ನ ಮುಂದೆ ಒಂದು ಬೆಂಕಿಪೊಟ್ಟಣ ಹಿಡಿದಳು. "ತಾತಾ, ಕಿವಿ ಹತ್ರ ಇಟ್ಕೊಂಡು ಕೇಳು" ಎಂದಳು. ಒಳಗೆ ಸಣ್ಣಗೆ ಪರಪರ ಸದ್ದು. ತೆರೆದರೆ ಐದು ಪುಟ್ಟ ದುಂಬಿಗಳು. ಹಾಡುಗಳಲ್ಲಿ ಗುಂಯ್ ಎನ್ನುತ್ತ ಹೂವಿಗೆ ಬರುವ ದುಂಬಿಯಲ್ಲ ಮಕ್ಕಳೇ, ಬೆನ್ನ ಮೇಲೆ ಗಟ್ಟಿ ರೆಕ್ಕೆಯ ಕವಚ ಹೊತ್ತ ದುಂಬಿ.

ನಮ್ಮದು ತೋರಣಗಲ್ಲು. ಒಂದು ಕಡೆ ಉಕ್ಕಿನ ಕಾರ್ಖಾನೆ, ಇನ್ನೊಂದು ಕಡೆ ಸಂಡೂರಿನ ಗುಡ್ಡಗಳು, ನಡುವೆ ಹೊಲಗಳು. ಮೊಮ್ಮಗಳು ದುಂಬಿ ಹಿಡಿದದ್ದು ಪಕ್ಕದ ರೈತರ ಸೂರ್ಯಕಾಂತಿ ಹೊಲದಲ್ಲಿ. ಅವರೂ ಅವಳ ಹಿಂದೆಯೇ ಬಂದರು.

"ಮೇಷ್ಟ್ರೇ, ಎಲಿಗೆಲ್ಲಾ ತೂತು ಬಿದ್ದಾವ. ನಾಳೆ ಮುಂಜಾನೆ ಎಣ್ಣಿ ಹೊಡೀತೀನಿ. ಯಾವ ಎಣ್ಣಿ ಹೊಡೀಲಿ ಹೇಳ್ರಿ" ಅಂದರು.

ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿದವನು ನಾನು. ಆದರೆ ಹುಳು ಯಾವುದೆಂದು ತಿಳಿಯದೆ ಔಷಧಿ ಹೇಳುವುದು, ರೋಗಿಯನ್ನು ನೋಡದೆ ಸೂಜಿ ಚುಚ್ಚಿದಂತೆ. "ಸೋಮವಾರದ ತನಕ ತಡೀರಿ" ಎಂದೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಬೀಜಕ್ಕೆ, ಗೊಬ್ಬರಕ್ಕೆ ಸಾಲ ಮಾಡಿದವರು. ಎರಡು ದಿನ ಎಂದರೆ ಅವರಿಗೆ ಸಣ್ಣ ಮಾತಲ್ಲ.

ಭೂತಗನ್ನಡಿ ಹಿಡಿದು ಕೂತೆವು. "ಗುಲಗಂಜಿ ಹುಳ ಇರಬೇಕು" ಎಂದಳು ಮೊಮ್ಮಗಳು. "ಮೀಸೆ ನೋಡು" ಎಂದೆ. ಗುಲಗಂಜಿ ಹುಳದ ಮೀಸೆ ಗಿಡ್ಡ, ತುದಿ ದಪ್ಪ. ಇದರ ಮೀಸೆ ಉದ್ದ, ದಾರದಂತೆ. ಅವಳು ನೋಟ್‌ಪುಸ್ತಕದಲ್ಲಿ ಬರೆದುಕೊಂಡಳು: ಕಾಲು ಆರು. ಉದ್ದ ಸುಮಾರು 6 ಮಿಲಿಮೀಟರ್, ಜೋಳದ ಕಾಳಿಗಿಂತ ತುಸು ದೊಡ್ಡದು. ತಲೆ, ಕುತ್ತಿಗೆ ಕಂದು. ರೆಕ್ಕೆಯ ಕವಚ ಕೆನೆ ಬಣ್ಣ, ಅದರ ಮೇಲೆ ಉದ್ದುದ್ದಕ್ಕೆ ಡೊಂಕು ಡೊಂಕಾದ ಕಡು ಕಂದು ಪಟ್ಟೆ.

ಮೀಸೆ, ಮೈಕಟ್ಟು ನೋಡಿದರೆ ಇದು ಎಲೆ ದುಂಬಿಗಳ ಕುಟುಂಬದ್ದು. ಜಗತ್ತಿನಲ್ಲಿ ಈ ಕುಟುಂಬದ 35,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಡಲಾಗಿದೆ. ಇವುಗಳಲ್ಲಿ ಬಹಳಷ್ಟಕ್ಕೆ ತಮ್ಮದೇ ಅಡುಗೆಮನೆ ಉಂಟು. ಮಲೆನಾಡಿನವರು ಸೀತಾಳೆ ಎನ್ನುವ ಆರ್ಕಿಡ್ ಗಿಡಗಳನ್ನೇ ತಿನ್ನುವ ಎಲೆ ದುಂಬಿಯೂ ಇದೆ. ಲೇಮಾ ಪೆಕ್ಟೊರಾಲಿಸ್ ಎಂದು ಅದರ ಹೆಸರು. ಸಿಂಗಪುರ, ಥಾಯ್ಲೆಂಡ್‌ಗಳ ಆರ್ಕಿಡ್ ತೋಟದವರಿಗೆ ಅದು ದೊಡ್ಡ ತಲೆನೋವು. ಅದರ ಮರಿಹುಳು ತನ್ನ ಹಿಕ್ಕೆಯನ್ನೇ ಬೆನ್ನಿಗೆ ಹೇರಿಕೊಂಡು ಓಡಾಡುತ್ತದೆ. ಶತ್ರು ಹತ್ತಿರ ಬರಲು ಹೇಸಬೇಕಲ್ಲ! ಇದನ್ನು ಕೇಳಿ ಮೊಮ್ಮಗಳು ಮೂಗು ಮುಚ್ಚಿಕೊಂಡು ನಕ್ಕಳು.

ಹಾಗಾದರೆ ಎಲೆ ದುಂಬಿಯನ್ನು ಗುರುತಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ, "ನಿನ್ನ ಊಟ ಯಾವುದಪ್ಪ?" ಸಂಜೆ ಹೊಲದ ಬದುವಿಗೆ ಹೋದೆವು. ಅಲ್ಲಿ ಸೊಂಟದೆತ್ತರ ಕಾಂಗ್ರೆಸ್ ಗಿಡ, ಮೈತುಂಬ ಬಿಳಿ ಹೂವು. ಅದರ ಎಲೆಗಳ ತುಂಬ ಇವೇ ಪಟ್ಟೆ ದುಂಬಿಗಳು! ಕೆಲವು ಗಿಡಗಳಲ್ಲಿ ಕಡ್ಡಿ ಮಾತ್ರ ಉಳಿದಿತ್ತು.

ಆಗ ನನಗೆ ಹಳೆಯದು ನೆನಪಾಯಿತು. ಇದು ಮೆಕ್ಸಿಕೋದಿಂದ ನಾವೇ ಕರೆಸಿಕೊಂಡ ಅತಿಥಿ!

ಅಜ್ಜ ಅಜ್ಜಿಯರಿಗೆ ಗೊತ್ತು, ಕಾಂಗ್ರೆಸ್ ಗಿಡ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಬಂದದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶವನ್ನೆಲ್ಲ ತುಂಬಿತು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಮುಟ್ಟಿದರೆ ಕೆಲವರಿಗೆ ತುರಿಕೆ, ಪರಾಗ ಮೂಗಿಗೆ ಹೋದರೆ ಸೀನು, ಉಬ್ಬಸ. ನಮ್ಮ ಮನೆಯಾಕೆ ಒಮ್ಮೆ ಬರಿಗೈಯಲ್ಲಿ ಕಿತ್ತು, ತಿಂಗಳುಗಟ್ಟಲೆ ಕೈಗೆ ಮುಲಾಮು ಹಚ್ಚಿದ್ದಾಳೆ.

ಇದರ ಹುಟ್ಟೂರಿನಲ್ಲಿ ಇದನ್ನು ತಿನ್ನುವ ಹುಳು ಇರಲೇಬೇಕಲ್ಲ ಎಂದು ವಿಜ್ಞಾನಿಗಳು ಹುಡುಕಿದರು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ 1983ರಲ್ಲಿ ಮೆಕ್ಸಿಕೋದಿಂದ ಈ ದುಂಬಿ ಬಂತು. ಬೇರೆ ಬೆಳೆಗಳನ್ನು ತಿನ್ನುತ್ತದೆಯೇ ಎಂದು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಯಲಿಗೆ ಬಿಟ್ಟರು. ವಿಜ್ಞಾನದಲ್ಲಿ ಇದರ ಹೆಸರು ಝೈಗೋಗ್ರಾಮಾ ಬೈಕಲರೇಟಾ. ಹೆಸರಿನ ಕೊನೆಯ ಪದಕ್ಕೆ ಎರಡು ಬಣ್ಣದ್ದು ಎಂದರ್ಥ.

"ಮತ್ತೆ ಸೂರ್ಯಕಾಂತಿ ಯಾಕ ತಿಂತಾವ?" ಎಂದಳು ಮೊಮ್ಮಗಳು. ಸರಿಯಾದ ಪ್ರಶ್ನೆ. ಇದೇ ಪ್ರಶ್ನೆ 1990ರ ದಶಕದ ಮೊದಲಲ್ಲಿ ಕರ್ನಾಟಕದಲ್ಲಿ ದೊಡ್ಡ ಗದ್ದಲ ಎಬ್ಬಿಸಿತ್ತು. ಪರಿಶೀಲನೆಗೆ ಸಮಿತಿಯೂ ನೇಮಕವಾಯಿತು. ಅದೇ ಸಂಸ್ಥೆಯ ಕೆ.ಪಿ. ಜಯಂತ್ ಮತ್ತು ಸಂಗಡಿಗರು 1993ರಲ್ಲಿ ಉತ್ತರ ಕೊಟ್ಟರು: ಕಾಂಗ್ರೆಸ್ ಗಿಡದ ಪರಾಗ ಗಾಳಿಯಲ್ಲಿ ಹಾರಿ ಸೂರ್ಯಕಾಂತಿಯ ಎಲೆಯ ಮೇಲೆ ಕೂತರೆ, ದುಂಬಿ ಮೋಸಹೋಗಿ ಆ ಎಲೆಗೂ ಬಾಯಿ ಹಾಕುತ್ತದೆ.

ನಾವೂ ನೋಡೇಬಿಡೋಣ ಎಂದು ಮೂರು ಗಾಜಿನ ಬಾಟಲಿ ತಂದೆವು. ಒಂದರಲ್ಲಿ ಕಾಂಗ್ರೆಸ್ ಎಲೆ. ಎರಡನೆಯದರಲ್ಲಿ ಚೆನ್ನಾಗಿ ತೊಳೆದ ಸೂರ್ಯಕಾಂತಿ ಎಲೆ. ಮೂರನೆಯದರಲ್ಲಿ ತೊಳೆದ ಸೂರ್ಯಕಾಂತಿ ಎಲೆಯ ಮೇಲೆ ಕಾಂಗ್ರೆಸ್ ಹೂವಿನ ಪರಾಗ. ಕೈಗೆ ಚೀಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಪರಾಗ ಉದುರಿಸಿದವನು ನಾನೇ. ಪ್ರತಿ ಬಾಟಲಿಗೂ ಐದೈದು ದುಂಬಿ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿದೆವು.

ಸೋಮವಾರ ಬೆಳಗ್ಗೆ ರೈತರು ಬೆನ್ನಿಗೆ ಪಂಪು ಕಟ್ಟಿಕೊಂಡೇ ಬಂದರು. ಮೊಮ್ಮಗಳು ಬಾಟಲಿಗಳನ್ನು ಸಾಲಾಗಿ ಇಟ್ಟಳು. ಮೊದಲನೆಯದರಲ್ಲಿ ಎಲೆ ಖಾಲಿ. ಎರಡನೆಯದರಲ್ಲಿ ಎಲೆ ಬಹುತೇಕ ಇಟ್ಟ ಹಾಗೇ ಇತ್ತು. ಮೂರನೆಯದರಲ್ಲಿ ಅಲ್ಲಲ್ಲಿ ತೂತು. ಅವರು ಬಾಟಲಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಪಂಪು ಕೆಳಗಿಟ್ಟು, "ಅಂದ್ರ ತಪ್ಪು ಬದುವಿಂದು, ಹುಳದ್ದಲ್ಲ" ಅಂದರು.

ಅಂದು ಅವರು ಕೈಚೀಲ ಹಾಕಿಕೊಂಡು ಬದುವಿನ ಹೂಬಿಟ್ಟ ಕಾಂಗ್ರೆಸ್ ಗಿಡ ಕಿತ್ತರು. ಸೂರ್ಯಕಾಂತಿಯ ಮೇಲಿದ್ದ ದುಂಬಿಗಳನ್ನು ಮೊಮ್ಮಗಳೂ ಅವಳ ಗೆಳತಿಯರೂ ಡಬ್ಬಿಗೆ ಉದುರಿಸಿ, ದೂರದ ಪಾಳು ಜಾಗದ ಕಾಂಗ್ರೆಸ್ ಪೊದೆಗೆ ಬಿಟ್ಟು ಬಂದರು. ಹೊಲಕ್ಕೆ ಎಣ್ಣೆ ಬೀಳಲಿಲ್ಲ. ತೂತುಬಿದ್ದ ಎಲೆಗಳು ಹಾಗೇ ಉಳಿದವು. ಆದರೆ ಹೂ ಅರಳಿದಾಗ ಜೇನುನೊಣ ಬಂದವು, ಕಾಳು ಕಟ್ಟಿತು.

ಮಳೆಗಾಲ ಮುಗಿದ ಮೇಲೆ ಮೊಮ್ಮಗಳು ಪೊದೆಯ ಬಳಿ ಹೋಗಿ ಹುಡುಕಿದಳು. ಒಂದೂ ಇಲ್ಲ. "ಸತ್ತು ಹೋದ್ವಾ ತಾತಾ?" ಎಂದು ಮುಖ ಸಣ್ಣದು ಮಾಡಿದಳು. ಇಲ್ಲ ಮಗಳೇ, ಚಳಿಗಾಲ, ಬೇಸಿಗೆ ಕಳೆಯಲು ಮಣ್ಣೊಳಗೆ ಮಲಗಿವೆ ಎಂದೆ. ಮುಂದಿನ ಮಳೆ ನೆಲ ತೋಯಿಸಿದಾಗ, ಕಾಂಗ್ರೆಸ್ ಮೊಳಕೆಯ ಜೊತೆಗೇ ಅವೂ ಏಳುತ್ತವೆ.

ಅಂದಿನಿಂದ ಆ ಬೆಂಕಿಪೊಟ್ಟಣ ನನ್ನ ಮೇಜಿನ ಮೇಲಿದೆ. ಅದರ ಮೇಲೆ ಅವಳು ಪೆನ್ಸಿಲಿನಿಂದ ಬರೆದಿದ್ದಾಳೆ: "ಹೊಸಕುವ ಮೊದಲು ಹೆಸರು ಕೇಳಿ."